ಅರ್ಧಕ್ಕ ನಿಂತ ಪೇಜು: ಬ್ರೌಸರ್ ಒಳಗ ಏನ್ ನಡೀತೈತಿ, ಯಾವಾಗ ರೀಫ್ರೆಶ್ ಒತ್ತಬೇಕು?

ಹಾವೇರಿ_ಸೇವಾಕೇಂದ್ರ

ನಮಸ್ಕಾರ್ರಿ ಎಲ್ಲಾರಿಗೂ. ಉತಾರ ತಗಿಯೂದಿರಲಿ, ಫಲಿತಾಂಶ ನೋಡೂದಿರಲಿ, ಕರೆಂಟ್ ಬಿಲ್ ಕಟ್ಟೂದಿರಲಿ, ನಡುವ ನೆಟ್ ಕಡದ್ರ ಪೇಜು ಒಂದೊಂದ ಸಲ ಒಂದೊಂದ ನಮೂನಿ ಆಗ್ತೈತಿ. ಕೆಲವು ಸಲ ಹಳೇ ಪೇಜ ಹಂಗ ಇರ್ತೈತಿ, ಟ್ಯಾಬ್ ಮ್ಯಾಲೆ ಚಕ್ರ ತಿರಗ್ತಿರ್ತೈತಿ. ಕೆಲವು ಸಲ ಬರೀ ಬಿಳಿ ಹಾಳಿ. ಇನ್ನ ಕೆಲವು ಸಲ ಅರ್ಧ ಬಂದು ನಿಲ್ತೈತಿ, ಬಟನ್ ಕಾಣ್ತಾವ, ಒತ್ತಿದ್ರ ಕೆಲಸ ಮಾಡಂಗಿಲ್ಲ. ಗಿರಾಕಿ ಮುಂದ ಕುಂತಿರ್ತಾರ. ರೀಫ್ರೆಶ್ ಒತ್ತೂದೋ, ಕಾಯೂದೋ ತಿಳಿಯಂಗಿಲ್ಲ.

ಈ ಮೂರಕ್ಕೂ ಕಾರಣ ಬ್ಯಾರೆ ಬ್ಯಾರೆ ಇರಬೇಕು. ಯಾವಾಗ ಕಾಯಬೇಕು, ಯಾವಾಗ ನಿಲ್ಲಿಸಬೇಕು, ಯಾವಾಗ ಏನೂ ಮುಟ್ಟಬಾರದು, ತಿಳದೋರು ಬಿಡಿಸಿ ಬರೀರಿ. ನಮ್ಮ ಕಡೆ ಸಣ್ಣ ಸೈಟ್ ಮಾಡಿಕೊಡೋರು ಏನ್ ನೋಡ್ಕೋಬೇಕು ಅನ್ನೂದನ್ನೂ ಹೇಳ್ರಿ.

ಉಣಕಲ್_ಕೋಡರ್

ನೀವು ಹೇಳಿದ ಮೂರೂ ಒಂದ ದಾರಿಯ ಮೂರು ಘಟ್ಟ ಅದಾವ್ರಿ. ಪೇಜು ಯಾವ ಘಟ್ಟದಾಗ ನಿಂತೈತಿ ಅಂತ ಗುರುತಿಸಿದ್ರ ಮುಂದಿನ ಉತ್ತರ ತಾನ ಸಿಗ್ತೈತಿ.

ಲಿಂಕ್ ಒತ್ತಿದ ಕೂಡ್ಲೆ ಬ್ರೌಸರ್ ಹಳೇ ಪೇಜು ತಗದು ಹಾಕಂಗಿಲ್ಲ. ಮೊದಲ ಡಿಎನ್‌ಎಸ್ ಕೇಳಿ ಸರ್ವರ್ ವಿಳಾಸ ಹುಡಕ್ತೈತಿ, ಆಮ್ಯಾಲೆ ಟಿಸಿಪಿ ಸಂಪರ್ಕ, ಅದರ ಮ್ಯಾಲೆ ಟಿಎಲ್‌ಎಸ್ ಬೀಗ, ಆಮ್ಯಾಲೆ ಕೋರಿಕೆ ಕಳಸ್ತೈತಿ. ಸರ್ವರ್‌ನಿಂದ ಉತ್ತರದ ಹೆಡರ್, ಅಂದ್ರ ಉತ್ತರದ ಮುಂದ ಬರೂ ವಿವರದ ಸಾಲು, ಬರೂತನಕ ಹಳೇ ಪೇಜ ಪರದೆ ಮ್ಯಾಲೆ ಇರ್ತೈತಿ. ಹೆಡರ್ ಬಂದಮ್ಯಾಲೇನ ಬ್ರೌಸರ್ ಹಳೇದನ್ನ ಬಿಟ್ಟು ಹೊಸದಕ್ಕ ಹೊಳ್ಳತೈತಿ. ಇದಕ್ಕ ಕಮಿಟ್ ಅಂತಾರ. ಕಮಿಟ್ ಆಗೂಕಿಂತ ಮುಂಚೆ ಎಸ್ಕೇಪ್ ಒತ್ತಿದ್ರ ಹಳೇ ಪೇಜು, ಅದರಾಗ ತುಂಬಿದ ಫಾರ್ಮ್ ಸಮೇತ, ಅಲ್ಲೇ ಉಳೀತೈತಿ. ಅದಕ್ಕ ಹಳೇ ಪೇಜು ಕಾಣಾಕತ್ತೈತಿ, ಚಕ್ರ ತಿರಗಾಕತ್ತೈತಿ ಅಂದ್ರ ಪರದೆಗೆ ಹೊಸದೇನೂ ಬಂದಿಲ್ಲ. ಆದ್ರ ಕೋರಿಕೆ ಸರ್ವರ್‌ಗೆ ಮುಟ್ಟಿಲ್ಲ ಅಂತ ಮಾತ್ರ ತಿಳ್ಕೋಬ್ಯಾಡ್ರಿ. ಮುಟ್ಟಿ, ಅಲ್ಲಿ ಕೆಲಸ ನಡದು, ಉತ್ತರ ದಾರ್ಯಾಗ ಇರಬಹುದು. ಈ ಒಂದು ವಿಷಯ ರೊಕ್ಕ ಕಟ್ಟೂ ಮುಂದ ಭಾಳ ಮುಖ್ಯ.

ಬಿಳಿ ಹಾಳಿ ಅಂದ್ರ ಕಮಿಟ್ ಆಗೇತಿ, ಚಿತ್ರಿಸಾಕ ಬೇಕಾದ್ದು ಇನ್ನೂ ಕೈಗೆ ಬಂದಿಲ್ಲ. ಎಚ್‌ಟಿಎಂಎಲ್, ಅಂದ್ರ ಪೇಜಿನ ಮೂಲ ಬರಹ, ಪೂರ್ತಿ ಬಂದಿದ್ರೂ ಅದರ ಹೆಡ್ ಭಾಗದಾಗ ಹೇಳಿದ, ಬಣ್ಣ-ಅಂಚು ತಿಳಸೂ ಸಿಎಸ್‌ಎಸ್ ಫೈಲು ಬರೂತನಕ ಬ್ರೌಸರ್ ಏನೂ ತೋರಸಂಗಿಲ್ಲ. ಇಂಥಾದ್ರಾಗ ಎಸ್ಕೇಪ್ ಒತ್ತಿದ್ರ ಆ ಸಿಎಸ್‌ಎಸ್ ಕೋರಿಕೆ ರದ್ದಾಗಿ, ಬಣ್ಣ-ಅಂಚು ಇಲ್ಲದ ಬರೀ ಅಕ್ಷರದ ಪೇಜು ಕಾಣ್ತೈತಿ. ಓದಾಕ ಅಷ್ಟು ಸಾಕು.

ಆದ್ರ ತಡದಿದ್ದು ಸಿಎಸ್‌ಎಸ್ ಅಲ್ಲ, ಜಾವಾಸ್ಕ್ರಿಪ್ಟ್ ಇದ್ರ ಲೆಕ್ಕ ಬ್ಯಾರೆ. ಅಸಿಂಕ್ ಅಥವಾ ಡಿಫರ್ (ಪೇಜು ಓದೂದನ್ನ ನಿಲ್ಲಿಸದ ತರಿಸ್ಕೋ ಅಂತ ಹೇಳೂ ಗುರುತು) ಇಲ್ಲದ ಸ್ಕ್ರಿಪ್ಟ್ ಎದುರಾದ ಕೂಡ್ಲೆ ಎಚ್‌ಟಿಎಂಎಲ್ ಓದೂ ಪಾರ್ಸರ್ ಅಲ್ಲೇ ನಿಲ್ತೈತಿ. ಆಗ ಎಸ್ಕೇಪ್ ಒತ್ತಿದ್ರ ಪಾರ್ಸರ್ರೂ ರದ್ದು. ಸ್ಕ್ರಿಪ್ಟ್‌ಕ್ಕಿಂತ ಮ್ಯಾಲಿದ್ದದ್ದು ಕಾಣ್ತೈತಿ, ಕೆಳಗಿನ ಎಚ್‌ಟಿಎಂಎಲ್ ಯಂತ್ರಕ್ಕ ಬಂದಿದ್ರೂ ಪೇಜಿನ್ಯಾಗ ಸೇರಂಗಿಲ್ಲ. ಅದಕ್ಕ ಕೆಲವು ಸೈಟ್‌ನಾಗ ಎಸ್ಕೇಪ್ ಉಪಯೋಗಕ್ಕ ಬರ್ತೈತಿ, ಕೆಲವದರಾಗ ಬರಂಗಿಲ್ಲ.

ಬಟನ್ ಕಂಡು ಕೆಲಸ ಮಾಡದಿರೂದು ಮೂರನೇ ಘಟ್ಟ. ಬಟನ್ ಎಚ್‌ಟಿಎಂಎಲ್‌ನಾಗ ಬಂದೈತಿ, ಅದನ್ನ ಒತ್ತಿದಾಗ ಏನ್ ಮಾಡಬೇಕು ಅಂತ ಹೇಳೂ ಸ್ಕ್ರಿಪ್ಟ್ ಬಂದಿಲ್ಲ. ಎಷ್ಟ್ ಸಲ ಒತ್ತಿದ್ರೂ ಅಷ್ಟ. ಆ ಪೇಜಿನ್ಯಾಗ ಇನ್ನೂ ಏನೂ ಸಲ್ಲಿಸಿರದಿದ್ರ ರೀಲೋಡ್ ಮಾಡ್ರಿ, ಹಾನಿ ಇಲ್ಲ.

ಮುಳಗುಂದ_ನಾಕಾ

ಮ್ಯಾಲಿನ ಮಾತಿಗೆ ನೆಟ್‌ವರ್ಕ್ ಕಡಿಯಿಂದ ಒಂದು ಸೇರಿಸ್ತೀನಿ. ನೆಟ್ ಕಡದೈತಿ ಅನ್ನೂದು ಬ್ರೌಸರ್‌ಗೆ ಯಾವಾಗಲೂ ಗೊತ್ತಾಗಂಗಿಲ್ಲ. ಕರೆಂಟ್ ಹೋಗಿ ವೈಫೈ ರೌಟರ್ ಆರಿದ್ರ ಲ್ಯಾಪ್‌ಟಾಪಿಗೆ ಕೂಡ್ಲೆ ತಿಳೀತೈತಿ, ಇಂಟರ್‌ನೆಟ್ ಡಿಸ್ಕನೆಕ್ಟೆಡ್ ಅಂತ ತಪ್ಪು ತೋರಸ್ತೈತಿ. ಆದ್ರ ರೌಟರ್ ಇನ್ವರ್ಟರ್ ಮ್ಯಾಲೆ ನಡೀತಿದ್ದು, ಹೊರಗ ರಸ್ತೆ ಅಗಿಯೋರು ಫೈಬರ್ ಕಡದ್ರ? ವೈಫೈ ಗುರುತು ಪೂರ್ತಿ ತುಂಬಿರ್ತೈತಿ. ಸಂಪರ್ಕ ಮುಗೀತು ಅಂತ ಹೇಳೂ ಪ್ಯಾಕೆಟ್ ಎಲ್ಲಿಂದಲೂ ಬರಂಗಿಲ್ಲ. ಬ್ರೌಸರ್ ಪಾಲಿಗೆ ಸರ್ವರ್ ತಡ ಮಾಡೂದಕ್ಕೂ, ಸಂಪರ್ಕ ಸತ್ತು ಹೋಗೂದಕ್ಕೂ ವ್ಯತ್ಯಾಸ ಕಾಣಂಗಿಲ್ಲ. ಅದಕ್ಕ ಚಕ್ರ ಸುಮ್ಮನ ತಿರಗ್ತೈತಿ.

ಹೊಸ ಸಂಪರ್ಕ ಕೇಳೂ ಮುಂದ ಉತ್ತರ ಬರದಿದ್ರ ಟಿಸಿಪಿ 1 ಸೆಕೆಂಡ್ ಕಾದು ಮತ್ತ ಕೇಳ್ತೈತಿ, ಆಮ್ಯಾಲೆ 2, 4, 8 ಹಿಂಗ ದುಪ್ಪಟ್ಟು ಮಾಡ್ಕೋತ ಹೋಗ್ತೈತಿ. ಲಿನಕ್ಸ್‌ನಾಗ ಬಹುಕಾಲ ನಡದು ಬಂದ ಲೆಕ್ಕದ ಪ್ರಕಾರ ಆರು ಮರುಯತ್ನ ಸೇರಿ 127 ಸೆಕೆಂಡ್ ಆದಮ್ಯಾಲೆ ಕೈ ಬಿಡ್ತೈತಿ. ಹೊಸ ಕರ್ನೆಲ್‌ನಾಗ ಈ ಕಾಲ ಕಡಿಮಿ. ಫೈರ್‌ಫಾಕ್ಸ್ ತನ್ನದ ಮಿತಿ ಇಟ್ಕೊಂಡೈತಿ: ಸಂಪರ್ಕಕ್ಕ 90 ಸೆಕೆಂಡ್, ಉತ್ತರಕ್ಕ 300 ಸೆಕೆಂಡ್. ಈಗಾಗಲೇ ಕೂಡಿದ ಸಂಪರ್ಕ ನಡುವ ಸತ್ರ ಇನ್ನೂ ಕಠಿಣ, ಯಾಕಂದ್ರ ಬ್ರೌಸರ್ ಬರೀ ಕೇಳಿಸ್ಕೋತ ಕುಂತಿರ್ತೈತಿ, ಕಳಸೂದು ಏನೂ ಇರಂಗಿಲ್ಲ. ಕ್ರೋಮ್ ಸಂಪರ್ಕ 45 ಸೆಕೆಂಡ್ ಸುಮ್ಮನಿದ್ರ ಜೀವ ಐತೇನು ಅಂತ ಒಂದು ಸಣ್ಣ ಪ್ಯಾಕೆಟ್ ಕಳಿಸಿ ನೋಡ್ತೈತಿ. ಅದಕ್ಕಿಂತ ಮುಂಚೆ ಕೈ ಬಿಡೂ ಕಾರಣ ಅದಕ್ಕ ಇರಂಗಿಲ್ಲ.

ಅಂಗಡ್ಯಾಗ ಮಾಡೂದೇನಂದ್ರ, ಫೈಬರ್ ಪೆಟ್ಟಿಗಿ ದೀಪ ನೋಡ್ರಿ. ಎಲ್‌ಒಎಸ್ ಅಂತ ಬರದ ದೀಪ ಕೆಂಪಗಾಗಿದ್ರ ಬೆಳಕ ಬರಾಕತ್ತಿಲ್ಲ, ಹೊರಗ ಲೈನ್ ಕಡದೈತಿ. ರೀಫ್ರೆಶ್ ಒತ್ತಿ ಉಪಯೋಗಿಲ್ಲ, ಮೊಬೈಲ್ ಹಾಟ್‌ಸ್ಪಾಟ್‌ಗೆ ಹೋಗ್ರಿ. ಕರೆಂಟ್ ತೊಂದರಿ ಇದ್ದಲ್ಲಿ ಸಣ್ಣ ಡಿಸಿ ಯುಪಿಎಸ್ ಹಾಕ್ರಿ. ಅಡಾಪ್ಟರ್ ಮ್ಯಾಲೆ ಬರದ ವೋಲ್ಟ್ ಸರಿ ಹೊಂದಬೇಕು, ಆಂಪಿಯರ್ ಅಷ್ಟು ಅಥವಾ ಹೆಚ್ಚಿರಬೇಕು. ಫೈಬರ್ ಪೆಟ್ಟಿಗಿ, ವೈಫೈ ರೌಟರ್ ಬ್ಯಾರೆ ಬ್ಯಾರೆ ಇದ್ರ ಎರಡಕ್ಕೂ ಬೇಕು. ಒಂದಕ್ಕ ಹಾಕಿದ್ರ ಮ್ಯಾಲೆ ಹೇಳಿದ ಸುಳ್ಳು ಗುರುತಿನ ಸ್ಥಿತಿಗೆ ನೀವ ದಾರಿ ಮಾಡಿಕೊಟ್ಟಂಗ ಆಗ್ತೈತಿ.

ಸಾಧನಕೇರಿ_ಓದುಗ

ಅರ್ಧ ಬಂದದ್ದು ಅರ್ಧವೇ ಎಂದು ಬ್ರೌಸರ್ ಹೇಗೆ ತಿಳಿಯುತ್ತದೆ ಎನ್ನುವುದು ಇಲ್ಲಿ ಬರಬೇಕು, ಏಕೆಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ.

ಬ್ರೌಸರ್, ಸರ್ವರ್ ಮಾತಾಡುವ ನಿಯಮವಾದ ಎಚ್‌ಟಿಟಿಪಿಯ 1.1 ಆವೃತ್ತಿಯಲ್ಲಿ ಸರ್ವರ್ ಎರಡು ರೀತಿಯಲ್ಲಿ ಅಳತೆ ಹೇಳಬಹುದು. ಒಂದು, ಕಂಟೆಂಟ್-ಲೆಂತ್ ಹೆಡರ್‌ನಲ್ಲಿ ಒಟ್ಟು ಬೈಟ್ ಎಷ್ಟು ಎಂದು ಮೊದಲೇ ತಿಳಿಸುವುದು. 50,000 ಬೈಟ್ ಎಂದು ಹೇಳಿ 20,000ಕ್ಕೆ ಸಂಪರ್ಕ ಮುಚ್ಚಿದರೆ ಕ್ರೋಮ್ ಕನ್ಸೋಲ್‌ನಲ್ಲಿ ಕಂಟೆಂಟ್ ಲೆಂತ್ ಮಿಸ್‌ಮ್ಯಾಚ್ ಎಂಬ ತಪ್ಪು ಕಾಣುತ್ತದೆ. ಇನ್ನೊಂದು, ತುಂಡು ತುಂಡಾಗಿ ಕಳಿಸುವ ಚಂಕ್ಡ್ ವಿಧಾನ. ಪ್ರತಿ ತುಂಡಿನ ಮುಂದೆ ಅದರ ಅಳತೆ ಇರುತ್ತದೆ, ಕೊನೆಗೆ ಸೊನ್ನೆ ಅಳತೆಯ ತುಂಡು ಬರಬೇಕು. ಆ ಸೊನ್ನೆ ಬಾರದೆ ಮುಚ್ಚಿದರೆ ಇನ್‌ಕಂಪ್ಲೀಟ್ ಚಂಕ್ಡ್ ಎನ್‌ಕೋಡಿಂಗ್ ಎಂಬ ತಪ್ಪು. ಎಚ್‌ಟಿಟಿಪಿ 2ರಲ್ಲಿ ಪ್ರತಿ ಹರಿವಿನ ಕೊನೆಯ ಚೌಕಟ್ಟಿಗೆ ಮುಗಿಯಿತು ಎಂಬ ಗುರುತು ಇರುತ್ತದೆ. ಈ ಮೂರೂ ಇಲ್ಲದೆ, ಸಂಪರ್ಕ ಮುಚ್ಚಿದ್ದೇ ಮುಕ್ತಾಯ ಎಂದು ನಡೆಯುವ ಹಳೆಯ ಸರ್ವರ್‌ಗಳಲ್ಲಿ ಮಾತ್ರ ತುಂಡಾದ ಪುಟಕ್ಕೂ ಇಡೀ ಪುಟಕ್ಕೂ ವ್ಯತ್ಯಾಸ ತಿಳಿಯದು.

ತಪ್ಪು ಗೊತ್ತಾದರೂ, ಒಮ್ಮೆ ಕಮಿಟ್ ಆದ ಮುಖ್ಯ ಪುಟವನ್ನು ಬ್ರೌಸರ್ ಕಿತ್ತುಹಾಕಿ ತಪ್ಪಿನ ಪುಟ ತೋರಿಸುವುದಿಲ್ಲ. ಬಂದಷ್ಟನ್ನು ಉಳಿಸುತ್ತದೆ. ಪಾರ್ಸರ್ ಪಾಲಿಗೆ ಅದು ಕಡತದ ಕೊನೆ, ಅಷ್ಟೇ. ತೆರೆದಿದ್ದ ಟ್ಯಾಗ್‌ಗಳನ್ನೆಲ್ಲ ತಾನೇ ಮುಚ್ಚುತ್ತದೆ. ಟ್ಯಾಗ್ ಒಂದರ ನಡುವೆಯೇ ಕಡಿದಿದ್ದರೆ ಆ ಅರ್ಧ ಟ್ಯಾಗನ್ನು ಬಿಸಾಡುತ್ತದೆ. ಪುಟದೊಳಗೇ ಬರೆದ ಸ್ಕ್ರಿಪ್ಟ್ ನಡುವೆ ಕಡಿದರೆ ಅದನ್ನು ಓಡಿಸಲೇಬಾರದು ಎಂದು ಎಚ್‌ಟಿಎಂಎಲ್ ಮಾನದಂಡ ಹೇಳುತ್ತದೆ. ಅರ್ಧ ಆದೇಶ ಓಡಿದರೆ ಅನರ್ಥವಾದೀತು ಎಂಬ ಎಚ್ಚರ ಅದು. ಆದರೆ ಪುಟದೊಳಗಿನ ಸ್ಟೈಲ್ ನಡುವೆ ಕಡಿದರೆ ಬಂದಷ್ಟು ನಿಯಮಗಳು ಅನ್ವಯವಾಗುತ್ತವೆ.

ಕನ್ನಡ ಪುಟಗಳಿಗೆ ಒಂದು ವಿಶೇಷವಿದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. ‘ಕ್ಷ’ ಎಂದರೆ ಕ, ವಿರಾಮ ಚಿಹ್ನೆ, ಷ ಸೇರಿ 9 ಬೈಟ್. ಮೂರು ಬೈಟ್‌ಗಳ ನಡುವೆ ಕಡಿದರೆ ಕೊನೆಯಲ್ಲಿ ಪ್ರಶ್ನಾರ್ಥಕ ಇರುವ ಕಪ್ಪು ವಜ್ರದ ಚಿಹ್ನೆ ಮೂಡುತ್ತದೆ. ಸಂಕೇತಗಳ ನಡುವೆ ಕಡಿದರೆ ಚಿಹ್ನೆಯೂ ಬರದು, ‘ಕ್ಷ’ ಇರಬೇಕಾದಲ್ಲಿ ‘ಕ್’ ಮಾತ್ರ ಉಳಿಯುತ್ತದೆ. ಪುಟದ ಕೊನೆಯಲ್ಲಿ ಇಂಥ ಗುರುತು ಕಂಡರೆ ಅಕ್ಷರಶೈಲಿಯ ದೋಷ ಎನ್ನುವ ಮೊದಲು ಪುಟ ತುಂಡಾಗಿದೆಯೇ ನೋಡಿ. ಹಾಗೆಯೇ ಅಕ್ಷರಸಂಕೇತ ತಿಳಿಸುವ ಮೆಟಾ ಟ್ಯಾಗ್ ಮೊದಲ 1024 ಬೈಟ್‌ಗಳೊಳಗೆ ಇರಬೇಕು ಎಂಬುದು ನಿಯಮ.

ಹಾವೇರಿ_ಸೇವಾಕೇಂದ್ರ

ಭಾಳ ಚೊಲೋ ಬಿಡಿಸಿದ್ರಿ. ಈಗ ರೊಕ್ಕದ ಮಾತು. ಬಿಲ್ ಕಟ್ಟೂ ಪೇಜಿನ್ಯಾಗ ‘ಪಾವತಿಸಿ’ ಒತ್ತಿದಮ್ಯಾಲೆ ಚಕ್ರ ತಿರಗಿ ನಿಂತ್ರ ಏನ್ ಮಾಡಬೇಕ್ರಿ?

ಉಣಕಲ್_ಕೋಡರ್

ರೀಫ್ರೆಶ್ ಒತ್ತಬ್ಯಾಡ್ರಿ, ಹಿಂದಕ್ಕ ಹೋಗಿ ಮತ್ತ ಪಾವತಿಸಿ ಒತ್ತಬ್ಯಾಡ್ರಿ. ಎಸ್ಕೇಪ್ ಒತ್ತಿದ್ರೂ ಸರ್ವರ್ ಕಡೆ ನಡದ ಕೆಲಸ ರದ್ದಾಗಂಗಿಲ್ಲ. ಎಸ್ಕೇಪ್ ಅಂದ್ರ ‘ನಾ ಇನ್ನ ಕೇಳಂಗಿಲ್ಲ’ ಅಂತ ಅಷ್ಟ ಅರ್ಥ, ‘ನೀ ಮಾಡಬ್ಯಾಡ’ ಅಂತ ಅಲ್ಲ.

ಕಾರಣ ಹಿಂಗೈತಿ. ಗೆಟ್ ಕೋರಿಕೆ ಎಷ್ಟ್ ಸಲ ಕೇಳಿದ್ರೂ ಫಲ ಒಂದ, ಅದು ಬರೀ ಓದೂದು. ಫಾರ್ಮ್ ಸಲ್ಲಿಸೂ ಪೋಸ್ಟ್ ಕೋರಿಕೆ ಹಂಗಲ್ಲ, ಎರಡ ಸಲ ಹೋದ್ರ ಎರಡ ಸಲ ಕೆಲಸ ಆಗಬಹುದು. ಅದಕ್ಕ ಪೋಸ್ಟ್‌ನಿಂದ ಬಂದ ಪೇಜು ರೀಲೋಡ್ ಮಾಡಿದ್ರ ಫಾರ್ಮ್ ಮತ್ತ ಕಳಸಲೇನು ಅಂತ ಬ್ರೌಸರ್ ಕೇಳ್ತೈತಿ. ಆ ಪ್ರಶ್ನೆ ಕಂಡಾಗ ರದ್ದು ಒತ್ತೂದ ಸರಿ.

ಮಾಡೂ ಕ್ರಮ ಹೇಳ್ತೀನಿ. ಆ ಟ್ಯಾಬ್ ಹಂಗ ಬಿಡ್ರಿ. ಬ್ಯಾರೆ ಟ್ಯಾಬಿನ್ಯಾಗ ಅದ ಸೈಟ್ ತಗದು ಪಾವತಿ ಇತಿಹಾಸ ನೋಡ್ರಿ. ಅದರ ಜೋಡಿ ಗಿರಾಕಿ ಬ್ಯಾಂಕ್ ಸಂದೇಶ, ಯುಪಿಐ ಆ್ಯಪ್‌ನಾಗ ವಹಿವಾಟಿನ ಸ್ಥಿತಿ ನೋಡ್ರಿ. ಬಾಕಿ ಅಂತ ಇದ್ರ ಕಾಯ್ರಿ, ವಿಫಲ ಅಂತ ಬಂದಮ್ಯಾಲೆ ಮತ್ತ ಕಟ್ರಿ. ರೊಕ್ಕ ಕಡಿತ ಆಗಿ ವ್ಯಾಪಾರಿಗೆ ದೃಢೀಕರಣ ಮುಟ್ಟದಿದ್ರ, ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಾಗ ಹೊರಡಿಸಿದ ಸುತ್ತೋಲೆ ಪ್ರಕಾರ ಯುಪಿಐ ವ್ಯಾಪಾರಿ ಪಾವತಿಗೆ ವಹಿವಾಟಿನ ದಿನ ಬಿಟ್ಟು 5 ದಿನದೊಳಗ ಅದು ತಾನಾಗಿ ಹೊಳ್ಳಿ ಬರಬೇಕು, ತಡ ಆದ್ರ ದಿನಕ್ಕ 100 ರೂಪಾಯಿ ಪರಿಹಾರ. ವಹಿವಾಟಿನ ಸಂಖ್ಯೆ ಬರದಿಡ್ರಿ, ದೂರು ಕೊಡಾಕ ಅದ ಬೇಕಾಗೂದು.

ಮುಳಗುಂದ_ನಾಕಾ

ಅಣ್ಣಾರ, ಒಂದು ತಿದ್ದುಪಡಿ ಬೇಕು. ರೀಫ್ರೆಶ್ ಒತ್ತದಿದ್ರ ಕೋರಿಕೆ ಮರುಕಳಿಸಂಗಿಲ್ಲ ಅಂತ ಓದೋರು ತಿಳ್ಕೋಬಾರದು. ಬ್ರೌಸರ್ ಒಮ್ಮೆ ಕೂಡಿದ ಸಂಪರ್ಕವನ್ನ ಮುಂದಿನ ಕೋರಿಕೆಗೂ ಬಳಸ್ತೈತಿ. ಸರ್ವರ್ ಆ ಸಂಪರ್ಕ ಸುಮ್ಮನಿದ್ದದ್ದಕ್ಕ ಮುಚ್ಚಿರ್ತೈತಿ. ಎನ್‌ಜಿನ್‌ಎಕ್ಸ್ ಅನ್ನೂ ಸರ್ವರ್ ತಂತ್ರಾಂಶದಾಗ ಏನೂ ಬದಲಿಸದಿದ್ರ 75 ಸೆಕೆಂಡಿಗೆ ಮುಚ್ಚತೈತಿ. ಅದ ಹೊತ್ತಿಗೆ ಬ್ರೌಸರ್ ಕೋರಿಕೆ ಕಳಿಸಿದ್ರ, ಒಂದು ಬೈಟೂ ಉತ್ತರ ಬರೂದಕ್ಕಿಂತ ಮುಂಚೆ ಸಂಪರ್ಕ ಕಡದ್ರ, ಬ್ರೌಸರ್ ನಿಮಗ ಹೇಳದ ಹೊಸ ಸಂಪರ್ಕದಾಗ ಮತ್ತ ಕಳಸ್ತೈತಿ. ಗೆಟ್‌ಗೆ ಇದು ವರ. ಪೋಸ್ಟ್ ಥರದ ಕೋರಿಕೆಗೆ, ಮೊದಲಿನದು ಸರ್ವರ್‌ನಾಗ ನಡದಿಲ್ಲ ಅಂತ ಖಾತ್ರಿ ಇಲ್ಲದ ತಾನಾಗಿ ಮರುಕಳಿಸಬಾರದು ಅಂತ 2022ರ ಎಚ್‌ಟಿಟಿಪಿ ಮಾನದಂಡ, ಅಂದ್ರ ಆರ್‌ಎಫ್‌ಸಿ 9110, ಹೇಳ್ತೈತಿ. ಆದ್ರ ಸೈಟ್ ಮಾಡೋರು ಬ್ರೌಸರ್ ಸಭ್ಯತಿ ಮ್ಯಾಲೆ ಭಾರ ಹಾಕಬಾರದು. ಫಾರ್ಮ್ ತೋರಸೂ ಮುಂದ ಸರ್ವರ್ ಒಂದು ವಿಶಿಷ್ಟ ಸಂಖ್ಯೆ ಹುಟ್ಟಿಸಿ ಅದರಾಗ ಇಡಬೇಕು, ಡೇಟಾಬೇಸ್‌ನಾಗ ಆ ಸಂಖ್ಯೆ ಮ್ಯಾಲೆ ಯೂನಿಕ್ ನಿರ್ಬಂಧ ಹಾಕಬೇಕು. ಅದ ಸಂಖ್ಯೆ ಎರಡನೇ ಸಲ ಬಂದ್ರ ಹೊಸ ಪಾವತಿ ಮಾಡದ ಹಳೇ ರಸೀದಿ ಕೊಡಬೇಕು. ಕೆಲಸ ಮುಗದ ಕೂಡ್ಲೆ 303, ಅಂದ್ರ ‘ಬ್ಯಾರೆ ಪೇಜಿಗೆ ಹೋಗು’ ಅನ್ನೂ ಉತ್ತರ ಕೊಟ್ಟು ರಸೀದಿ ಪೇಜಿಗೆ ಕಳಸಬೇಕು. ಆಗ ಗಿರಾಕಿ ಎಷ್ಟ್ ರೀಫ್ರೆಶ್ ಮಾಡಿದ್ರೂ ರಸೀದಿ ಪೇಜು ಅಷ್ಟ ಮತ್ತ ಬರ್ತೈತಿ.

ನವನಗರ_ಅಡ್ಮಿನ್

ಸರ್ವರ್ ಲಾಗ್ ನೋಡುವವರಿಗೆ: ಉತ್ತರ ಹೊರಡುವ ಮೊದಲೇ ಬ್ರೌಸರ್ ಸಂಪರ್ಕ ಮುಚ್ಚಿದರೆ ಎನ್‌ಜಿನ್‌ಎಕ್ಸ್ ಲಾಗ್‌ನಲ್ಲಿ 499 ಎಂದು ಬರೆಯುತ್ತದೆ. ಇದು ಎನ್‌ಜಿನ್‌ಎಕ್ಸ್‌ನದೇ ಸಂಕೇತ, ಬ್ರೌಸರ್‌ಗೆ ಎಂದೂ ಹೋಗುವುದಿಲ್ಲ. ಒಂದೇ ವಿಳಾಸದಿಂದ 499ರ ಹಿಂದೆಯೇ ಅದೇ ಕೋರಿಕೆ ಮತ್ತೆ ಮತ್ತೆ ಕಂಡರೆ ಜನ ಕಾದು ಸೋತು ರೀಫ್ರೆಶ್ ಒತ್ತುತ್ತಿದ್ದಾರೆ ಎಂದರ್ಥ. ಫಲಿತಾಂಶದ ದಿನ ಇದು ಸರ್ವರ್ ಹೊರೆಯನ್ನು ಇನ್ನಷ್ಟು ಏರಿಸುತ್ತದೆ, ಏಕೆಂದರೆ ಹಿಂದಿರುವ ಪಿಎಚ್‌ಪಿ ಕಾರ್ಯಕ್ರಮ ಏನಾದರೂ ಹೊರಗೆ ಕಳಿಸಲು ಹೋಗುವವರೆಗೆ ಓದುಗ ಎದ್ದುಹೋದದ್ದು ಅದಕ್ಕೆ ತಿಳಿಯದು. ಡೇಟಾಬೇಸ್ ಹುಡುಕಾಟ ಪೂರ್ತಿ ನಡೆದೇ ನಡೆಯುತ್ತದೆ.

504 ಬಂದರೆ ಅದು ತುಂಡಾದ ಪುಟವಲ್ಲ. ಮುಂಬದಿಯ ಸರ್ವರ್ ಹಿಂಬದಿಯ ಸರ್ವರ್‌ನ ಉತ್ತರಕ್ಕಾಗಿ ಕಾದು ಕೈಬಿಟ್ಟಿದೆ. ಎನ್‌ಜಿನ್‌ಎಕ್ಸ್‌ನ ಮೂಲ ಮಿತಿ 60 ಸೆಕೆಂಡ್, ಅದೂ ಎರಡು ಓದುಗಳ ನಡುವಿನ ಅಂತರಕ್ಕೆ. ಮಿತಿಯನ್ನು 300ಕ್ಕೆ ಏರಿಸುವುದು ಪರಿಹಾರವಲ್ಲ. ಹುಡುಕಾಟಕ್ಕೆ ಇಂಡೆಕ್ಸ್ ಹಾಕಿ, ಫಲಿತಾಂಶದ ಪುಟಗಳನ್ನು ಮೊದಲೇ ತಯಾರಿಸಿ ಇಡಿ.

ಬ್ಯಾಡಗಿ_ನೆಟ್

ಫೈಲ್ ಡೌನ್‌ಲೋಡ್ ಬಗ್ಗೆ ಯಾರೂ ಬರದಿಲ್ಲ. 90 ಎಂಬಿ ಬಂದ ಮ್ಯಾಲೆ ಕಡದು ಮತ್ತ ಸೊನ್ನೆಯಿಂದ ಶುರು ಆದ್ರ ದಿನದ ಡೇಟಾ ಪೂರ್ತಿ ಹೋಗ್ತೈತಿ. ಕೆಲವು ಸೈಟ್‌ನಾಗ ಬಿಟ್ಟಲ್ಲಿಂದ ಮುಂದುವರಿತೈತಿ, ಕೆಲವದರಾಗ ಇಲ್ಲ. ಯಾಕ?

ಸಾಧನಕೇರಿ_ಓದುಗ

ಬಿಟ್ಟಲ್ಲಿಂದ ಮುಂದುವರಿಸುವ ಸೌಲಭ್ಯ 1997ರ ಎಚ್‌ಟಿಟಿಪಿ 1.1ರಿಂದಲೂ ಇದೆ. ಬ್ರೌಸರ್ ರೇಂಜ್ ಹೆಡರ್‌ನಲ್ಲಿ ಇಂಥ ಬೈಟ್‌ನಿಂದ ಮುಂದಿನದು ಕೊಡು ಎಂದು ಕೇಳುತ್ತದೆ. ಸರ್ವರ್ ಒಪ್ಪಿದರೆ 206 ಎಂದು ಉತ್ತರಿಸಿ ಉಳಿದದ್ದನ್ನು ಕಳಿಸುತ್ತದೆ. ಒಪ್ಪದಿದ್ದರೆ 200 ಎಂದು ಹೇಳಿ ಇಡೀ ಫೈಲನ್ನು ಮೊದಲಿನಿಂದ ಕಳಿಸುತ್ತದೆ. ಕೇಳಿದ ಜಾಗ ಫೈಲ್‌ನ ಕೊನೆಯನ್ನೇ ದಾಟಿದ್ದರೆ 416.

ಇಲ್ಲಿ ಒಂದು ಅಪಾಯವಿದೆ. ನಿನ್ನೆ ಅರ್ಧ ಇಳಿಸಿದ ಫೈಲನ್ನು ಸರ್ವರ್‌ನಲ್ಲಿ ಇಂದು ಬದಲಿಸಿದ್ದರೆ ಹಳೆಯ ತಲೆಗೆ ಹೊಸ ಬಾಲ ಅಂಟುತ್ತದೆ. ಅದಕ್ಕಾಗಿ ಬ್ರೌಸರ್ ಇಫ್-ರೇಂಜ್ ಹೆಡರ್‌ನಲ್ಲಿ ಹಳೆಯ ಇಟ್ಯಾಗ್ (ಫೈಲ್‌ನ ಆವೃತ್ತಿ ತಿಳಿಸುವ ಗುರುತು) ಅಥವಾ ಬದಲಾದ ದಿನಾಂಕ ಸೇರಿಸಿ, ಫೈಲ್ ಅದೇ ಆಗಿದ್ದರೆ ಮಾತ್ರ ಉಳಿದದ್ದು ಕೊಡು ಎಂದು ಕೇಳುತ್ತದೆ. ಇದಕ್ಕೆ ಗಟ್ಟಿ ಇಟ್ಯಾಗ್ ಬೇಕು. ಡಬ್ಲ್ಯು ಅಕ್ಷರ, ಓರೆಗೆರೆಯಿಂದ ಆರಂಭವಾಗುವ ದುರ್ಬಲ ಇಟ್ಯಾಗ್ ನಡೆಯದು. ಫೈಲನ್ನು ಪಿಎಚ್‌ಪಿ ಮೂಲಕ ಪ್ರತಿ ಸಲ ಹೊಸದಾಗಿ ಹುಟ್ಟಿಸಿ ಕೊಡುವ ಸೈಟ್‌ಗಳಲ್ಲಿ ಉದ್ದವೂ ಇರುವುದಿಲ್ಲ, ಇಟ್ಯಾಗೂ ಇರುವುದಿಲ್ಲ. ನಿಮ್ಮ ಪ್ರಶ್ನೆಗೆ ಹೆಚ್ಚಿನ ಸಲ ಉತ್ತರ ಇದೇ. ಸ್ಥಿರ ಫೈಲ್ ಆಗಿ ಎನ್‌ಜಿನ್‌ಎಕ್ಸ್ ಅಥವಾ ಅಪಾಚೆಗೆ ಒಪ್ಪಿಸಿದರೆ ಎಲ್ಲವೂ ತಾನಾಗಿ ಬರುತ್ತದೆ.

ಅರ್ಧ ಇಳಿದ ಫೈಲ್ ಕ್ರೋಮ್‌ನಲ್ಲಿ ಸಿಆರ್‌ಡೌನ್‌ಲೋಡ್ ಎಂಬ ಬಾಲದ ಹೆಸರಿನಿಂದ, ಫೈರ್‌ಫಾಕ್ಸ್‌ನಲ್ಲಿ ಪಾರ್ಟ್ ಎಂಬ ಬಾಲದಿಂದ ಇರುತ್ತದೆ. ಹೆಸರು ಬದಲಿಸಿ ತೆರೆಯಲು ಹೋಗಬೇಡಿ. ಪಿಡಿಎಫ್‌ನಲ್ಲಿ ಯಾವ ವಸ್ತು ಎಲ್ಲಿದೆ ಎಂಬ ಸೂಚಿ ಸಾಮಾನ್ಯವಾಗಿ ಫೈಲ್‌ನ ಕೊನೆಯಲ್ಲಿರುತ್ತದೆ, ಜಿಪ್‌ನಲ್ಲೂ ಹಾಗೆಯೇ. ಕೊನೆಯೇ ಬಾರದಿದ್ದರೆ ಎಷ್ಟು ಬಂದರೂ ತೆರೆಯುವುದು ಕಷ್ಟ. ಲೀನಿಯರೈಸ್ ಮಾಡಿದ ಪಿಡಿಎಫ್ ಇದಕ್ಕೆ ಹೊರತು: ಮೊದಲ ಪುಟಕ್ಕೆ ಬೇಕಾದದ್ದು ಆರಂಭದಲ್ಲೇ ಇರುವುದರಿಂದ ಇಳಿಯುತ್ತಿರುವಾಗಲೇ ಕಾಣುತ್ತದೆ. ನಿಮ್ಮ ಸೈಟ್‌ನಲ್ಲಿ ದೊಡ್ಡ ಪಿಡಿಎಫ್ ಇದ್ದರೆ ಹೀಗೆ ಉಳಿಸಿ ಹಾಕಿ.

ವಿರಾಮ ಒತ್ತಿ ತಾಸುಗಟ್ಟಲೆ ಬಿಟ್ಟರೆ ಮುಂದುವರಿಯದಿರುವುದಕ್ಕೆ ಇನ್ನೊಂದು ಕಾರಣ, ಕೊಂಡಿಯ ಅವಧಿ ಮುಗಿದಿರುತ್ತದೆ. ಆಗ 403 ಬರುತ್ತದೆ. ಮತ್ತೆ ಲಾಗಿನ್ ಆಗಿ ಹೊಸ ಕೊಂಡಿ ಪಡೆಯಬೇಕು.

ಉಣಕಲ್_ಕೋಡರ್

ಇದರ ಜೋಡಿ ಒಂದು: ಕ್ಯಾಶ್, ಅಂದ್ರ ಒಮ್ಮೆ ಬಂದದ್ದನ್ನ ಮತ್ತ ಬಳಸಾಕ ಇಟ್ಕೊಳ್ಳೂ ಜಾಗದ ಒಳಗೂ ಬ್ರೌಸರ್ ಅರ್ಧ ಬಂದದ್ದನ್ನ ಉಳಿಸಿಕೊಳ್ಳಬಹುದು. ಉತ್ತರದಾಗ ಉದ್ದ, ಗಟ್ಟಿ ಗುರುತು ಎರಡೂ ಇದ್ದು, ಸರ್ವರ್ ರೇಂಜ್ ಬ್ಯಾಡ ಅಂದಿರದಿದ್ರ ಕ್ರೋಮ್ ಅದನ್ನ ತುಂಡಾದದ್ದು ಅಂತ ಗುರುತ ಹಾಕಿ ಇಟ್ಟು, ಮುಂದಿನ ಸಲ ಉಳದದ್ದಷ್ಟ ಕೇಳ್ತೈತಿ. ನೋ-ಸ್ಟೋರ್ ಅಂತ ಹೆಡರ್ ಹಾಕಿದ್ರ ಏನೂ ಉಳಿಯಂಗಿಲ್ಲ. ಬ್ಯಾಂಕ್ ಪೇಜಿಗೆ ಅದು ಸರಿ. ಲೋಗೋ, ಫಾಂಟ್‌ಗೂ ನೋ-ಸ್ಟೋರ್ ಹಾಕೂದು ತಪ್ಪು, ನೆಟ್ ಕಡದಾಗೆಲ್ಲ ಅವು ಸೊನ್ನೆಯಿಂದ ಬರಬೇಕಾಗ್ತೈತಿ.

ನವಲೂರು_ವೆಬ್

ಸೈಟ್ ಮಾಡುವವರ ಪಾಲಿನದನ್ನು ನಾನು ಬರೆಯುತ್ತೇನೆ. ನಮ್ಮ ಓದುಗರಲ್ಲಿ ಹಲವರು ಕಪ್ಪತಗುಡ್ಡದ ಕೆಳಗಿನ ಹಳ್ಳಿಗಳಂಥ ಕಡೆಯಿಂದ, ಒಂದೆರಡು ಗೆರೆ ಸಿಗ್ನಲ್‌ನಲ್ಲಿ ಪುಟ ತೆರೆಯುವವರು. ಅವರಿಗೆ ಪುಟ ಕಡಿಯುವುದು ಅಪರೂಪವಲ್ಲ, ರೂಢಿ. ಹಾಗಾಗಿ ಎಲ್ಲಿ ಕಡಿದರೂ ಅಲ್ಲಿಯವರೆಗಿನದು ಬಳಕೆಗೆ ಬರುವಂತೆ ಬೈಟ್‌ಗಳ ಕ್ರಮ ಜೋಡಿಸಬೇಕು.

ಸರ್ವರ್ ಮೊದಲ ಸುತ್ತಿನಲ್ಲಿ ಮರುಸಂದೇಶಕ್ಕೆ ಕಾಯದೆ ಕಳಿಸುವುದು ಸಾಮಾನ್ಯವಾಗಿ 10 ಟಿಸಿಪಿ ತುಂಡು, ಸುಮಾರು 14 ಕೆಬಿ. ಸಂಕುಚಿಸಿದ ಎಚ್‌ಟಿಎಂಎಲ್‌ನ ಈ ಮೊದಲ 14 ಕೆಬಿಯೊಳಗೆ ಶೀರ್ಷಿಕೆ, ಮುಖ್ಯ ವಿಷಯ, ಪರದೆಯ ಮೇಲ್ಭಾಗಕ್ಕೆ ಬೇಕಾದ ಚಿಕ್ಕ ಸಿಎಸ್‌ಎಸ್ ಇರಲಿ. ಜಾಹೀರಾತು, ಎಣಿಕೆಯ ಸ್ಕ್ರಿಪ್ಟ್, ಚಲಿಸುವ ಚಿತ್ರಪಟ್ಟಿ ಆಮೇಲೆ. ಸ್ಕ್ರಿಪ್ಟ್‌ಗಳಿಗೆಲ್ಲ ಡಿಫರ್ ಹಾಕಿ. ಹೊರಗಿನ ಸರ್ವರ್‌ನಿಂದ ತರುವ ಸಿಎಸ್‌ಎಸ್, ಸ್ಕ್ರಿಪ್ಟ್‌ಗಳನ್ನು ನಿಮ್ಮದೇ ಸರ್ವರ್‌ನಲ್ಲಿ ಇಡಿ. ಆ ಹೊರಗಿನ ವಿಳಾಸಕ್ಕೆ ದಾರಿ ಸಿಗದಿದ್ದರೆ ನಿಮ್ಮ ಪುಟ ಸರಿಯಿದ್ದೂ ಬಿಳಿಯಾಗಿ ನಿಲ್ಲುತ್ತದೆ.

ಕನ್ನಡ ಫಾಂಟ್ ಬಾರದೆ ಅಕ್ಷರವೇ ಕಾಣದಿರುವುದು ಸಾಮಾನ್ಯ ದೂರು. ವೆಬ್ ಫಾಂಟ್‌ಗಾಗಿ ಕ್ರೋಮ್, ಫೈರ್‌ಫಾಕ್ಸ್ ಸುಮಾರು 3 ಸೆಕೆಂಡ್ ಅಕ್ಷರವನ್ನು ಬಚ್ಚಿಟ್ಟು ಕಾಯುತ್ತವೆ, ಆಮೇಲೆ ಯಂತ್ರದಲ್ಲಿರುವ ಫಾಂಟ್ ಬಳಸುತ್ತವೆ. ಫಾಂಟ್-ಡಿಸ್‌ಪ್ಲೇ ಗುಣಕ್ಕೆ ಸ್ವಾಪ್ ಎಂದು ಕೊಟ್ಟರೆ ಕಾಯದೆ ತೋರಿಸುತ್ತವೆ. ವಿಂಡೋಸ್‌ನಲ್ಲಿ ತುಂಗಾ, ನಿರ್ಮಲಾ ಯುಐ, ಆಂಡ್ರಾಯ್ಡ್‌ನಲ್ಲಿ ನೋಟೊ ಇರುವುದರಿಂದ ಓದಲು ಅಡ್ಡಿಯಿಲ್ಲ.

ಚಿತ್ರಗಳಲ್ಲಿ ಸಾದಾ ಜೆಪೆಗ್ ಮೇಲಿನಿಂದ ಕೆಳಗೆ ಬರುತ್ತದೆ, ಕಡಿದರೆ ಕೆಳಭಾಗ ಖಾಲಿ. ಪ್ರೊಗ್ರೆಸಿವ್ ಜೆಪೆಗ್ ಇಡೀ ಚಿತ್ರವನ್ನು ಮಸುಕಾಗಿ ತಂದು ಆಮೇಲೆ ಸ್ಪಷ್ಟವಾಗುತ್ತದೆ. ಬ್ಯಾಡಗಿ ಮೆಣಸಿನಕಾಯಿಯ ದರಪಟ್ಟಿಯನ್ನು ಮಾತ್ರ ಯಾವ ಬಗೆಯ ಚಿತ್ರವಾಗಿಯೂ ಹಾಕಬೇಡಿ. ಅಕ್ಷರವಾಗಿ ಬರೆದ ದರಪಟ್ಟಿ ಎರಡು ಕೆಬಿಯಲ್ಲಿ ಮುಗಿಯುತ್ತದೆ, ಕಡಿದರೂ ಬಂದಷ್ಟು ಸಾಲು ಓದಬಹುದು.

ಫಾರ್ಮ್ ಇದ್ದರೆ, ಗುಪ್ತ ಕ್ಷೇತ್ರಗಳನ್ನು ಅಂದರೆ ಭದ್ರತಾ ಟೋಕನ್, ಮೇಲೆ ಹೇಳಿದ ವಿಶಿಷ್ಟ ಸಂಖ್ಯೆಗಳನ್ನು ಫಾರ್ಮ್ ಆರಂಭವಾದ ಕೂಡಲೇ ಬರೆಯಿರಿ. ಸಲ್ಲಿಸುವ ಬಟನ್ ಮೇಲಿದ್ದು ಟೋಕನ್ ಕೆಳಗಿದ್ದರೆ, ನಡುವೆ ಕಡಿದ ಪುಟದಲ್ಲೂ ಬಟನ್ ಕೆಲಸ ಮಾಡುತ್ತದೆ. ಪಾರ್ಸರ್ ಫಾರ್ಮನ್ನು ತಾನೇ ಮುಚ್ಚಿರುವುದರಿಂದ ಅಪೂರ್ಣ ಮಾಹಿತಿ ಸರ್ವರ್‌ಗೆ ಹೋಗುತ್ತದೆ. ಬಟನ್ ಕೊನೆಯಲ್ಲಿರಲಿ, ಸರ್ವರ್ ಕಡೆ ಪರೀಕ್ಷೆಯೂ ಇರಲಿ.

ಜಾವಾಸ್ಕ್ರಿಪ್ಟ್‌ನಿಂದ ಮಾಹಿತಿ ತರುವವರು ಗಮನಿಸಿ: ಫೆಚ್‌ಗೆ ತನ್ನದೇ ಕಾಲಮಿತಿ ಇಲ್ಲ. ಅಬಾರ್ಟ್‌ಸಿಗ್ನಲ್‌ನ ಟೈಮ್‌ಔಟ್ ಕೊಟ್ಟು ಮಿತಿ ಹಾಕಬೇಕು. ಅಲ್ಲದೆ ಹೆಡರ್ ಬಂದೊಡನೆ ಫೆಚ್ ಯಶಸ್ವಿ ಎನ್ನುತ್ತದೆ, ದೇಹ ಇನ್ನೂ ದಾರಿಯಲ್ಲಿರುತ್ತದೆ. 200 ಕಂಡಿತೆಂದು ಚಕ್ರ ನಿಲ್ಲಿಸಿದರೆ, ಜೇಸನ್ ಓದುವಾಗ ಕಡಿದ ತಪ್ಪು ಯಾರ ಕೈಗೂ ಸಿಗದೆ ಹೋಗುತ್ತದೆ. ತಪ್ಪು ಹಿಡಿಯುವ ಭಾಗದೊಳಗೆ ದೇಹ ಓದುವ ಸಾಲೂ ಸೇರಿರಬೇಕು.

ಅಣ್ಣಿಗೇರಿ_ಪ್ಯಾಸೆಂಜರ್

ಹುಬ್ಬಳ್ಳಿ-ಗದಗ ರೈಲಿನ್ಯಾಗ, ಚಿಗರಿ ಬಸ್ಸಿನ್ಯಾಗ ಹೋಗೂ ಮುಂದ ಪೇಜು ನಿಲ್ಲೂದು ಯಾಕ? ಸಿಗ್ನಲ್ ಇದ್ರೂ ನಿಲ್ತೈತಿ.

ಮುಳಗುಂದ_ನಾಕಾ

ಟವರ್‌ನಿಂದ ಟವರ್‌ಗೆ ಹೋಗೂ ಮುಂದ ಸಾಮಾನ್ಯವಾಗಿ ಐಪಿ ವಿಳಾಸ ಬದಲಾಗಂಗಿಲ್ಲ, ಪ್ಯಾಕೆಟ್ ಕಳದು ಟಿಸಿಪಿ ವೇಗ ಕುಗ್ಗತೈತಿ ಅಷ್ಟ. ಸ್ವಲ್ಪ ಕಾದ್ರ ಮುಂದುವರಿತೈತಿ. ನಿಲ್ದಾಣದ ವೈಫೈ ಬಿಟ್ಟು ಮೊಬೈಲ್ ಡೇಟಾಕ್ಕ ಹೋದಾಗ ಮಾತ್ರ ವಿಳಾಸನ ಬದಲಾಗ್ತೈತಿ, ಹಳೇ ಟಿಸಿಪಿ ಸಂಪರ್ಕ ಸಾಯ್ತೈತಿ. ಕ್ರೋಮ್ ಆಗ ನೆಟ್‌ವರ್ಕ್ ಚೇಂಜ್ಡ್ ಅಂತ ತೋರಸಬಹುದು. ಅಂಥಾಗ ಓದೂ ಪೇಜಾದ್ರ ರೀಲೋಡ್ ಮಾಡೂದ ದಾರಿ. 2022ರಾಗ ಮಾನದಂಡ ಆದ ಎಚ್‌ಟಿಟಿಪಿ 3 ಕ್ವಿಕ್ ಮ್ಯಾಲೆ ನಡೀತೈತಿ, ಅದರಾಗ ಸಂಪರ್ಕಕ್ಕ ವಿಳಾಸದ ಬದಲಿ ಒಂದು ಗುರುತಿನ ಸಂಖ್ಯೆ ಇರೂದ್ರಿಂದ ವಿಳಾಸ ಬದಲಾದ್ರೂ ಅದ ಸಂಪರ್ಕ ಮುಂದುವರಿಸಾಕ ಅವಕಾಶ ಐತಿ. ಸರ್ವರ್, ಬ್ರೌಸರ್ ಎರಡೂ ಅದಕ್ಕ ತಯಾರಿರಬೇಕು.

ತಪ್ಪಿನ ಪೇಜು ಬಂದ್ರ ಅದನ್ನ ಮುಚ್ಚಬ್ಯಾಡ್ರಿ. ಕ್ರೋಮ್ ನೆಟ್ ಬಂದಮ್ಯಾಲೆ ತಾನ ಮತ್ತ ಯತ್ನ ಮಾಡ್ತೈತಿ, ಮೊದಲ ಕೆಲವು ಸೆಕೆಂಡಿಗೆ, ಆಮ್ಯಾಲೆ ನಿಮಿಷಗಟ್ಟಲೆ ಅಂತರ ಬಿಟ್ಟು.

ಹಾವೇರಿ_ಸೇವಾಕೇಂದ್ರ

ಕಡೀಕ ಒಂದ ಪ್ರಶ್ನೆ. ಫಲಿತಾಂಶ ಅಥವಾ ಫಲಾನುಭವಿ ಪಟ್ಟಿ ಪ್ರಿಂಟ್ ಕೊಡೂ ಮುಂದ ಪೇಜು ಪೂರ್ತಿ ಬಂದೈತೋ ಇಲ್ಲೋ ಹೆಂಗ ಖಾತ್ರಿ ಮಾಡ್ಕೋಬೇಕು? ಕೋಷ್ಟಕ ಕೆಳಗ ಗೆರಿ ಸಮೇತ ಸರಿಯಾಗೇ ಕಾಣ್ತಿರ್ತೈತಿ.

ಸಾಧನಕೇರಿ_ಓದುಗ

ಅಕ್ಕಾರೆ, ಸರಿಯಾದ ಪ್ರಶ್ನೆ. ಪಾರ್ಸರ್ ಕೋಷ್ಟಕವನ್ನು ತಾನೇ ಮುಚ್ಚುವುದರಿಂದ ಅಂಚಿನ ಗೆರೆ ನೋಡಿ ನಂಬುವಂತಿಲ್ಲ. ಎಫ್12 ಒತ್ತಿ ನೆಟ್‌ವರ್ಕ್ ಭಾಗ ತೆರೆದಿಟ್ಟುಕೊಂಡು ಪುಟವನ್ನು ರೀಲೋಡ್ ಮಾಡಿ. ಮೊದಲ ಸಾಲಿನ ಕೋರಿಕೆ ಕೆಂಪಾಗಿದ್ದರೆ, ಅಥವಾ ಇನ್ನೂ ಬಾಕಿ ಎಂದಿದ್ದರೆ ಪುಟ ಅಪೂರ್ಣ. ಅಷ್ಟು ಸಮಯವಿಲ್ಲದಿದ್ದರೆ ಕಂಟ್ರೋಲ್ ಮತ್ತು ಎಂಡ್ ಕೀಲಿ ಒಟ್ಟಿಗೆ ಒತ್ತಿ ತಳಕ್ಕೆ ಹೋಗಿ: ಆ ಸೈಟ್‌ನ ಎಲ್ಲ ಪುಟಗಳ ಕೆಳಗೆ ಇರುವ ಅಡಿಟಿಪ್ಪಣಿ ಇಲ್ಲೂ ಇದೆಯೇ ನೋಡಿ. ಎಚ್‌ಟಿಎಂಎಲ್ ಬರುವುದು ಮೇಲಿನಿಂದ ಕೆಳಕ್ಕೆ, ಹಾಗಾಗಿ ಅಡಿಟಿಪ್ಪಣಿ ಬಂದಿದ್ದರೆ ಅದೇ ಕಡತದಲ್ಲಿ ಅದಕ್ಕಿಂತ ಮೇಲಿನ ಕೋಷ್ಟಕವೂ ಬಂದಿರುತ್ತದೆ. ಸ್ಕ್ರಿಪ್ಟ್‌ನಿಂದ ಆಮೇಲೆ ತುಂಬುವ ಕೋಷ್ಟಕಕ್ಕೆ ಈ ಪರೀಕ್ಷೆ ಸಾಲದು. ಅಲ್ಲಿ ಸಾಲುಗಳ ಸಂಖ್ಯೆಯನ್ನೇ ಎಣಿಸಬೇಕು.

ನವಲೂರು_ವೆಬ್

ಎಣಿಸಲು ಅನುಕೂಲ ಮಾಡಿಕೊಡುವುದು ಸೈಟ್ ಮಾಡುವವರ ಕೆಲಸ. ಪಟ್ಟಿಯ ಮೇಲ್ಗಡೆ ‘ಒಟ್ಟು ಸಾಲು 312’ ಎಂಬಂತೆ ಬರೆಯಿರಿ, ಪ್ರತಿ ಸಾಲಿಗೂ ಕ್ರಮಸಂಖ್ಯೆ ಕೊಡಿ. ಕ್ರಮಸಂಖ್ಯೆಯನ್ನು ಬ್ರೌಸರ್‌ನಲ್ಲಿ ಹುಟ್ಟಿಸದೆ ಸರ್ವರ್‌ನಿಂದಲೇ ಕಳಿಸಿ. ಪ್ರಿಂಟ್ ಬಟನ್ ಅನ್ನು ಪಟ್ಟಿಯ ಕೆಳಗೆ, ಎಚ್‌ಟಿಎಂಎಲ್‌ನ ಕೊನೆಯ ಸಾಲಾಗಿ ಇಡಿ. ಪುಟ ನಡುವೆ ಕಡಿದರೆ ಆ ಬಟನ್ ಬರುವುದೇ ಇಲ್ಲ.